ಖಾಲಿ ಸೀಟಿನ ಪಂದ್ಯ

೨೦೦೯ರ ಮಾರ್ಚ್ ಹದಿನಾಲ್ಕು, ಶನಿವಾರ. ಬೆಳಗಿನ ಐದೂವರೆಗೆ ಬೆನಿನ್ ದೇಶದ ಬೊಹಿಕೊನ್ ಬಸ್ ನಿಲ್ದಾಣದಿಂದ ಮೂರು ಮೋಟಾರ್ ಸೈಕಲ್‌ಗಳು ಹೊರಟವು. ಸವಾರರು ಮೂವರು, ಹಿಂದೆ ಕುಳಿತವರು ಸೊನ್ನೆ. ಚಹಾ ಮಾರುವ ಹೆಂಗಸು ಲೋಟ ಕೈಯಲ್ಲಿ ಹಿಡಿದೇ ತಿರುಗಿ ನೋಡಿದಳು. ಮೂವರೂ ಬಾಡಿಗೆ ಮೋಟಾರಿನವರು. ಅಂಥವರ ಹಿಂದಿನ ಸೀಟು ಖಾಲಿಯಾಗಿ ಊರು ದಾಟುತ್ತದೆಂದರೆ ಒಂದೋ ಜ್ವರ ಬಂದಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು.

ಅಗೊಸ್ಸೂವಿಗೆ ಜ್ವರವಿರಲಿಲ್ಲ. ಹೆಂಡತಿ ಹುರಿದ ನೆಲಗಡಲೆಯ ಗಂಟನ್ನು ತಾನೇ ಹ್ಯಾಂಡಲಿಗೆ ಕಟ್ಟಿ ಕಳಿಸಿದ್ದಳು. ಐವತ್ತೆರಡು ವರ್ಷದ ಈ ಮನುಷ್ಯ ತನ್ನ ಇಬ್ಬರು ಗೆಳೆಯರೊಡನೆ ಎಷ್ಟೋ ಬೇಸಿಗೆಗಳಿಂದ ಒಂದೇ ಮಾತನ್ನು ಆಡಿಕೊಂಡು ಬಂದಿದ್ದ. ಒಮ್ಮೆಯಾದರೂ ಧಣಿಗಳಂತೆ ಗಾಡಿ ಓಡಿಸಬೇಕು. ಬೆನ್ನ ಹಿಂದಿನಿಂದ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನುವವರು ಇರಬಾರದು. ಗಡಿ ದಾಟಿ ಟೋಗೊ ದೇಶದ ಬಡಗಣ ಬಯಲಿಗೆ ಹೋಗಿ, ಓಟಿ ನದಿಯಲ್ಲಿ ಮಿಂದು ಬರಬೇಕು. ಬಿರುಬಿಸಿಲಿನಲ್ಲಿ ಆ ಕಡೆಗೆ ಯಾರೂ ಹೋಗುವುದಿಲ್ಲವೆಂದು ಎಲ್ಲರೂ ಹೇಳಿದರು. ಬಿಸಿಲಿನಲ್ಲಿ ಬಾಡಿಗೆಯೂ ಕಡಿಮೆ, ಆದ್ದರಿಂದ ನಷ್ಟವೂ ಕಡಿಮೆ ಎಂದು ಇವರು ಲೆಕ್ಕ ಹಾಕಿದರು.

ಹೊರಡುವ ಮುಂಚೆ ಪಂದ್ಯ ಕಟ್ಟಿದವನು ಸಗ್ಬೊ. ಅವನಿಗೆ ಮೂವತ್ತೈದು ವರ್ಷ, ನಾಲಿಗೆಗೆ ವಯಸ್ಸಿಲ್ಲ.

"ಅಣ್ಣಾ, ಈ ರಜೆ ನಿನ್ನ ಕೈಲಿ ಆಗಲ್ಲ. ದಾರೀಲಿ ಯಾರಾದ್ರೂ ಕೈ ಎತ್ತಿದ್ರೆ ನಿನ್ನ ಕಾಲು ತಾನಾಗೇ ಬ್ರೇಕ್ ಒತ್ತುತ್ತೆ. ನಿನ್ನ ತಲೆಗೆ ಸುದ್ದಿ ಮುಟ್ಟೋದು ಆಮೇಲೆ."

ಅಗೊಸ್ಸೂ ಸಿಟ್ಟಾದ. ಸಿಟ್ಟಿನಲ್ಲಿ, ತನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದನ್ನೇ ಪಣಕ್ಕಿಟ್ಟ. ಅದು ನಿಲ್ದಾಣದ ಬಾಗಿಲಲ್ಲಿರುವ ಬೇವಿನ ಮರದ ನೆರಳು. ಬಸ್ಸಿನಿಂದ ಇಳಿದವರಿಗೆ ಮೊದಲು ಕಾಣುವ ಜಾಗವದು. ಹದಿನೆಂಟು ವರ್ಷಗಳಿಂದ ಅಲ್ಲಿ ಅವನದೇ ಗಾಡಿ ನಿಲ್ಲುತ್ತಿತ್ತು. ಸಗ್ಬೊ ನಿಲ್ಲುವುದು ಆಚೆಯ ವಿದ್ಯುತ್ ಕಂಬದ ಬಳಿ; ಅದರ ನೆರಳು ಅವನ ಒಂದು ಕಾಲಿಗೆ ಸಾಲುತ್ತಿತ್ತು. ರಜೆ ಮುಗಿಯುವುದರೊಳಗೆ ಅಗೊಸ್ಸೂ ಒಬ್ಬರನ್ನಾದರೂ ಹಿಂದೆ ಕೂರಿಸಿಕೊಂಡು ಗಾಡಿ ಓಡಿಸಿದರೆ ಮರ ಸಗ್ಬೊನದು. ಇಲ್ಲವಾದರೆ ಸಗ್ಬೊ ಒಂದು ವರ್ಷ ಅಗೊಸ್ಸೂವಿನ ಗಾಡಿ ತೊಳೆಯಬೇಕು. ಮೂರನೆಯವನಾದ ದಾನ್ಸೂ ತೀರ್ಪುಗಾರನಾದ. ಅವನು ಭಾರೀ ಆಳು, ಮಾತು ಕಡಿಮೆ. ಅದನ್ನೇ ಎಲ್ಲರೂ ನ್ಯಾಯಬುದ್ಧಿ ಎಂದು ತಿಳಿದಿದ್ದರು.

ಸಗ್ಬೊ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಗಡಿಯಲ್ಲಿ ಪೊಲೀಸಿನವನು ಕೈ ಎತ್ತಿದ. ಅಗೊಸ್ಸೂ ನಿಲ್ಲಿಸಿದ, ಕರವಸ್ತ್ರದಿಂದ ಹಿಂದಿನ ಸೀಟನ್ನು ಒರೆಸಿದ, "ಎಲ್ಲಿಗೆ ಸ್ವಾಮಿ?" ಎಂದು ಕೇಳಿದ. ಕಾಗದಪತ್ರ ತೋರಿಸೆಂದು ಪೊಲೀಸಿನವನು ಎರಡು ಸಲ ಹೇಳಬೇಕಾಯಿತು. ಮರುದಿನ ಕಾಂಡೆ ಊರಿನ ಇಗರ್ಜಿಯ ಮುಂದೆ ಆಶೀರ್ವಾದಕ್ಕೆ ಕೈ ಎತ್ತಿ ನಿಂತಿದ್ದ ಸಂತರ ಪ್ರತಿಮೆಯನ್ನು ಕಂಡು ಅವನ ಗಾಡಿ ತಾನೇ ನಿಧಾನವಾಯಿತು. ಸಂತರಿಗೆ ಅವಸರವಿದ್ದಂತಿಲ್ಲ, ಮುಂದೆ ನಡಿ ಎಂದು ಸಗ್ಬೊ ಹಿಂದಿನಿಂದ ಕೂಗಿದ. ನಿಲ್ಲಿಸುವುದು ಸೋಲಲ್ಲ, ಹೊರುವುದು ಸೋಲು ಎಂದು ದಾನ್ಸೂ ತೀರ್ಪಿತ್ತ. ಆ ದಿನ ಅವನು ಆಡಿದ ಮಾತು ಅದೊಂದೇ.

ಬಯಲು ಬೆಂದ ಹಂಚಿನಂತಿತ್ತು. ಎಲೆ ಉದುರಿದ ಬಾವೊಬಾಬ್ ಮರಗಳು ಬೇರು ಮೇಲಾಗಿ ನೆಟ್ಟಂತೆ ಅಲ್ಲಲ್ಲಿ ನಿಂತಿದ್ದವು. ಅಗೊಸ್ಸೂ ಅವನ್ನು ನೋಡಲಿಲ್ಲ. ಗಾಡಿ ಓಡಿಸುವವನು ನೋಡುವುದು ರಸ್ತೆಯ ಹೊಂಡವನ್ನು, ಅಂಚಿನ ಆಡನ್ನು, ಮನುಷ್ಯರ ಕೈಯನ್ನು. ಕೈ ಕಂಡಾಗಲೆಲ್ಲ ಅವನು ಹಲ್ಲು ಕಚ್ಚಿ ಮುಂದೆ ಸಾಗಿದ. ಹಾಗೆ ದಾಟಿ ಹೋದ ಪ್ರತಿ ಕೈಯೂ ರಾತ್ರಿ ಊಟದ ಹೊತ್ತಿಗೆ ನೆನಪಾಗುತ್ತಿತ್ತು. ರಜೆ ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮೂರನೆಯ ದಿನ ಗೆಳೆಯರಿಬ್ಬರೂ ಓಟಿ ನದಿಯ ಸೇತುವೆಯ ಬಳಿ ಕಾಯುತ್ತೇವೆಂದು ಮುಂದೆ ಹೋದರು. ಅಗೊಸ್ಸೂ ಸಡಿಲವಾದ ಸರಪಳಿಯನ್ನು ಬಿಗಿ ಮಾಡಿಕೊಂಡು ಒಬ್ಬನೇ ಅವರ ಹಿಂದೆ ಹೊರಟ. ಹೊತ್ತು ನೆತ್ತಿಗೇರುತ್ತಿತ್ತು. ರಸ್ತೆ ಬದಿಯ ಗುಡಿಸಲೊಂದರ ಮುಂದೆ ಮುದುಕಿಯೊಬ್ಬಳು ಕೈ ಎತ್ತಿ ನಿಂತಿದ್ದಳು. ಕಾಲು ಬ್ರೇಕ್ ಒತ್ತಿತು. ತಲೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಾಡಿ ನಿಂತಿತ್ತು.

ಮುದುಕಿ ಕೈ ಎತ್ತಿದ್ದು ಬಿಸಿಲಿಗೆ ಕಣ್ಣು ಮರೆಮಾಡಲು. ತಪ್ಪಿಸಿಕೊಂಡ ಗಿನಿಕೋಳಿಯನ್ನು ಅವಳು ಹುಡುಕುತ್ತಿದ್ದಳು. ಆದರೆ ಬಾಗಿಲ ಮುಂದೆ ನಿಂತ ಅಪರಿಚಿತನಿಗೆ ನೀರು ಕೊಡದೆ ಏನನ್ನೂ ಕೇಳುವ ಪದ್ಧತಿ ಆ ಸೀಮೆಯಲ್ಲಿಲ್ಲ. ಸಜ್ಜೆ ಹಿಟ್ಟು ಕದಡಿದ ತಣ್ಣೀರನ್ನು ಸೋರೆ ಬುರುಡೆಯಲ್ಲಿ ತಂದುಕೊಟ್ಟು, ಅವನು ಕುಡಿದು ಮುಗಿಸುವ ತನಕ ಸುಮ್ಮನಿದ್ದಳು. ಆಮೇಲೆ ಗಾಡಿಯ ನಂಬರನ್ನು ನೋಡಿ, ಅವನದೇ ಫೊನ್ ಭಾಷೆಯಲ್ಲಿ ಮಾತಾಡಿದಳು. ಹೆಸರು ಮೇಮುನಾ, ಹನ್ನೆರಡು ವರ್ಷ ಬೊಹಿಕೊನ್ ಸಂತೆಯಲ್ಲಿ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಮಾರಿದವಳು.

ತಾನು ಏಕೆ ನಿಲ್ಲಿಸಿದೆನೆಂದು ಅಗೊಸ್ಸೂ ನಾಚುತ್ತ ಹೇಳಿದ.

"ನಾನು ಎಲ್ಲಿಗೂ ಹೊರಟಿರ್ಲಿಲ್ಲ ಮಗಾ," ಎಂದಳು ಮೇಮುನಾ. ಸ್ವಲ್ಪ ಯೋಚಿಸಿದಳು. "ಆದ್ರೆ ನೀನು ನಿಲ್ಲಿಸಿದ್ದೀಯಲ್ಲ. ಸೇತುವೆ ಆಚೆ ನನ್ನ ತಂಗಿ ಮನೆ ಇದೆ. ಅವಳನ್ನ ನೋಡಿ ಎರಡು ವರ್ಷ ಆಯ್ತು. ಹೋಗೇಬಿಡ್ತೀನಿ, ನಾಲ್ಕು ದಿನ ಇದ್ದು ಬರ್ತೀನಿ."

ಅಗೊಸ್ಸೂ ಇಕ್ಕಟ್ಟಿಗೆ ಸಿಕ್ಕಿದ. ಬಾಡಿಗೆ ಮೋಟಾರಿನವರಲ್ಲಿ ಒಂದು ಕಟ್ಟಳೆಯಿದೆ. ದಿನದ ಮೊದಲ ಗಿರಾಕಿಗೆ, ಅದರಲ್ಲೂ ತಾನಾಗಿ ಗಾಡಿ ನಿಲ್ಲಿಸಿ ಮಾತಾಡಿಸಿದ ಗಿರಾಕಿಗೆ, ಇಲ್ಲವೆನ್ನಬಾರದು, ಅದು ಬೋಣಿ. ಹದಿನೆಂಟು ವರ್ಷಗಳಲ್ಲಿ ಅವನು ಬೋಣಿಯನ್ನು ಒಮ್ಮೆಯೂ ತಿರುಗಿಸಿ ಕಳಿಸಿರಲಿಲ್ಲ. ಬೇವಿನ ನೆರಳು ತನಗೆ ಉಳಿದುಬಂದದ್ದೇ ಅದರಿಂದ ಎಂದು ಅವನ ನಂಬಿಕೆ. ಈಗ ನೆರಳನ್ನು ಉಳಿಸಿಕೊಳ್ಳಬೇಕಾದರೆ ಬೋಣಿ ಮುರಿಯಬೇಕು. ಬೋಣಿ ಉಳಿಸಿಕೊಂಡರೆ ನೆರಳು ಹೋಗುತ್ತದೆ. ಕದ್ದು ಬಿಟ್ಟುಬರೋಣವೆಂದರೆ ಇರುವುದು ಒಂದೇ ರಸ್ತೆ, ಒಂದೇ ಸೇತುವೆ. ಅಲ್ಲಿ ಸಗ್ಬೊನ ಎರಡು ಕಣ್ಣು. ಸೇತುವೆಗೆ ಮುಂಚೆ ಇಳಿಸೋಣವೆಂದರೆ ಎಪ್ಪತ್ತು ದಾಟಿದ ಹೆಂಗಸು ಈ ಬಿಸಿಲಿನಲ್ಲಿ ನಡೆಯಬೇಕು.

ಅವನು ಪಂದ್ಯದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಮುದುಕಿ ನಗಲಿಲ್ಲ. ಸಂತೆಯಲ್ಲಿ ಬೆಣ್ಣೆಯ ಉಂಡೆಯನ್ನು ತೂಗಿ ನೋಡುವವಳಂತೆ ಅವನ ಮಾತನ್ನು ತೂಗಿ ನೋಡಿದಳು.

"ಪಂದ್ಯದಲ್ಲಿ ಏನಂತ ಹೇಳಿದ್ದು? ಸರಿಯಾಗಿ ಹೇಳು."

"ನಾನು ಯಾರನ್ನೂ ಹಿಂದೆ ಕೂರಿಸ್ಕೊಂಡು ಓಡಿಸಬಾರ್ದು ಅಂತ."

"ಸರಿ ಹಾಗಾದ್ರೆ. ನೀನು ಹಿಂದೆ ಕೂತ್ಕೋ."

ಅವಳು ಒಳಗೆ ಹೋಗಿ, ಬಟ್ಟೆಯ ಗಂಟೊಂದನ್ನು ತಂದು ಅವನ ಕೈಗೆ ಕೊಟ್ಟಳು. ತಲೆವಸ್ತ್ರವನ್ನು ಬಿಗಿದು ಕಟ್ಟಿ, ಉಟ್ಟ ಬಟ್ಟೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಸಿಕ್ಕಿಸಿ, ಗಾಡಿ ಹತ್ತಿ, ಒಂದೇ ಒದೆಗೆ ಶುರು ಮಾಡಿದಳು. ತನ್ನ ಗಂಡನಿಗೆ ಕಣ್ಣು ಮಂದವಿತ್ತು, ಇಪ್ಪತ್ತು ವರ್ಷ ತಾನೇ ಓಡಿಸಿದವಳು ಎಂದು ಅವಳು ತಿಳಿಸಿದಳು.

"ಅವರು ಹಿಂದೆ ಕೂತು ದಾರಿ ಹೇಳ್ತಿದ್ರು. ಕಣ್ಣು ಕಾಣ್ತಿರ್ಲಿಲ್ಲ, ಆದ್ರೂ ಹೇಳ್ತಿದ್ರು. ನೀನು ಹೇಳ್ಬೇಡ."

ಅಗೊಸ್ಸೂ ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಂಟನ್ನು ಮಗುವಿನಂತೆ ತಬ್ಬಿಕೊಂಡ. ಹೊಂಡ ಬಂದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ತಿರುವಿನಲ್ಲಿ ಅವನು ತಪ್ಪು ಕಡೆಗೆ ವಾಲಿದ. ಸುಮ್ಮನೆ ಮೂಟೆ ಥರ ಕೂತ್ಕೋ ಎಂದು ಮೇಮುನಾ ಗದರಿದಳು. ತನ್ನ ಗಿರಾಕಿಗಳಿಗೆ ಅವನು ದಿನವೂ ಹೇಳುತ್ತಿದ್ದ ಮಾತೇ ಅದು. ಸ್ವಲ್ಪ ನಿಧಾನ ಹೋಗಿ ಅಮ್ಮ ಎಂದು ಅವನು ಬೇಡಿಕೊಂಡ. ಅವಸರವಿಲ್ಲದವನು ಮೋಟಾರ್ ಹತ್ತಬಾರದು ಎಂದಳು. ಅದೂ ಅವನದೇ ಮಾತು.

ಮೂರನೆಯ ತಿರುವಿನ ಹೊತ್ತಿಗೆ ಅವನು ಮೂಟೆಯಾದ. ಆಗ ಅವನ ಕಣ್ಣು ರಸ್ತೆಯಿಂದ ಬಿಡುಗಡೆಯಾಯಿತು. ಬಾವೊಬಾಬ್ ಮರದ ಹೊಟ್ಟೆಯ ಪೊಟರೆಯಲ್ಲಿ ಆಡೊಂದು ಮಲಗಿತ್ತು. ದೂರದ ಊರಿನ ದುಂಡು ಗೋಡೆಗಳ ಮೇಲೆ ಕೆಮ್ಮಣ್ಣಿನ ಗೀರುಗಳಿದ್ದವು. ಆಕಾಶ ಬಿಸಿಲಿಗೆ ಬೆಳ್ಳಗಾಗಿ, ಅದರಲ್ಲಿ ಒಂದು ಹದ್ದು ಅಲುಗದೆ ತೂಗುತ್ತಿತ್ತು. ಗಾಳಿ ಬಿಸಿಯಾಗಿತ್ತು, ಆದರೂ ಗಾಳಿಯೇ. ಹೊರಟ ಮೂರನೆಯ ದಿನ ಅಗೊಸ್ಸೂವಿನ ರಜೆ ಆರಂಭವಾಯಿತು.

ಸೇತುವೆಯ ಕೆಳಗೆ ಸಗ್ಬೊ ಅಂಗಿ ಒಗೆಯುತ್ತಿದ್ದ. ಪರಿಚಿತ ಎಂಜಿನ್ನಿನ ಸದ್ದು ಕೇಳಿ ಮೇಲೆ ನೋಡಿದ. ಅಗೊಸ್ಸೂವಿನ ಗಾಡಿಯಲ್ಲಿ ಇಬ್ಬರು! ಅವನು ಅಂಗಿಯನ್ನು ನೀರಿನಲ್ಲೇ ಬಿಟ್ಟು ದಡ ಹತ್ತಿ ಓಡಿದ. ಹತ್ತಿರ ಬಂದು ಯಾರು ಎಲ್ಲಿ ಕುಳಿತಿದ್ದಾರೆಂದು ಕಂಡಾಗ ಅವನ ನಗೆ ಅರ್ಧಕ್ಕೆ ನಿಂತಿತು, ಆಮೇಲೆ ಎರಡು ಪಟ್ಟಾಗಿ ಬಂತು. ನಗುತ್ತಲೇ ಮರ ತನ್ನದೆಂದು ಸಾಧಿಸತೊಡಗಿದ. ಗಾಡಿ ಅಣ್ಣನದು, ಸೀಟು ಖಾಲಿಯಿಲ್ಲ, ಇನ್ನೇನು ಬೇಕು ಎಂದು ಅವನ ವಾದ.

ದಾನ್ಸೂ ಬಾಯಿ ತೆರೆಯುವ ಮುಂಚೆ ಮೇಮುನಾ ಗಾಡಿಯ ಮೇಲಿಂದಲೇ ಸಗ್ಬೊನನ್ನು ಕೇಳಿದಳು.

"ಓಡಿಸಿದ್ದು ಯಾರಪ್ಪ?"

"ನೀವೇ, ಅಮ್ಮ."

"ಹಿಂದೆ ಕೂತು ಬಂದಿದ್ದು ಯಾರು?"

"ಅಣ್ಣ."

"ಹಾಗಾದ್ರೆ ಹೊತ್ಕೊಂಡು ಬಂದವಳು ನಾನು, ಸೋತವಳೂ ನಾನೇ. ನನ್ನ ಹತ್ರ ಬೇವಿನ ಮರ ಇಲ್ಲ. ಗಿನಿಕೋಳಿ ಒಂದಿದೆ, ಅದೂ ಸಿಕ್ತಿಲ್ಲ. ಸಿಕ್ಕಿದ್ರೆ ತಗೊಂಡು ಹೋಗು."

ಅಮ್ಮ ಹೇಳಿದ್ದು ಸರಿ ಎಂದು ದಾನ್ಸೂ ತೀರ್ಪಿತ್ತ. ಮರ ಉಳಿಯಿತು.

ತಂಗಿಯ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಮೇಮುನಾ ಇಳಿದು, ಕೈ ಚಾಚಿದಳು. ಅಗೊಸ್ಸೂ ಗಂಟು ಕೊಟ್ಟ. ಕೈ ಚಾಚಿಯೇ ಇತ್ತು.

"ಬಾಡಿಗೆ."

ಅಗೊಸ್ಸೂ ತಬ್ಬಿಬ್ಬಾದ. ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಬೇಕೆಂಬುದು ಬೊಹಿಕೊನ್‌ನ ಮಕ್ಕಳಿಗೂ ಗೊತ್ತು. ಈ ಕಸುಬಿನಲ್ಲೇ ತಲೆ ನರೆತವನು ಮರೆತು ಹತ್ತಿದ್ದ. ಚೌಕಾಶಿಗೆ ಅವನಿಗೆ ದಾರಿಯೇ ಇರಲಿಲ್ಲ. ಗಾಡಿ ತನ್ನದು, ಪೆಟ್ರೋಲು ತನ್ನದು ಎಂದು ತೊದಲಿದ. ಓಡಿಸಿದ ಕೈ ನನ್ನದಲ್ಲವೇ ಎಂದಳು ಮುದುಕಿ. ಅವನು ಜೇಬಿಗೆ ಕೈ ಹಾಕಿದ. ಅವಳು ತಲೆಯಾಡಿಸಿದಳು.

"ದುಡ್ಡು ಬೇಡ. ಸಾಯೋದ್ರೊಳಗೆ ಆ ಸಂತೆ ಇನ್ನೊಂದ್ಸಲ ನೋಡ್ಬೇಕು ನಾನು. ಬಸ್ಸಲ್ಲಿ ಬರ್ತೀನಿ. ನಿನ್ನ ಮರದಿಂದ ಸಂತೆಗೆ ಒಂದು ಸವಾರಿ. ಅವತ್ತು ನಾನು ಹಿಂದೆ ಕೂರ್ತೀನಿ."

ಅಗೊಸ್ಸೂ ಒಪ್ಪಿದ. ಉಳಿದ ದಿನಗಳಲ್ಲಿ ಯಾರ ಕೈ ಕಂಡರೂ ಅವನು ನಿಲ್ಲಿಸಲಿಲ್ಲ. ಬೇಕೆಂದೇ ತಾನೂ ಒಂದು ಕೈ ಎತ್ತಿ ನಮಸ್ಕರಿಸಿ ಮುಂದೆ ಹೋದ. ಊರಿಗೆ ಮರಳಿದ ಮೇಲೆ ಸಗ್ಬೊ ದಿನವೂ ಅವನ ಗಾಡಿ ತೊಳೆದ, ತೊಳೆಯುವಾಗ ಹಿಂದಿನ ಸೀಟನ್ನು ವಿಶೇಷವಾಗಿ ಉಜ್ಜಿ ಅಣ್ಣನ ಜಾಗವೆಂದು ಎಲ್ಲರಿಗೂ ತೋರಿಸಿದ.

ಬಡಗಣ ಬಸ್ಸು ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ಅದು ಬಂದು ನಿಂತ ಮೇಲೆ ಖಾಲಿಯಾಗುವ ತನಕ ಅಗೊಸ್ಸೂ ಈಗ ಗಿರಾಕಿಗಳನ್ನು ಹತ್ತಿಸುವುದಿಲ್ಲ. ಸೀಟು ಒರೆಸಿಕೊಂಡು ಬಸ್ಸಿನ ಬಾಗಿಲನ್ನೇ ನೋಡುತ್ತಾನೆ. ಆ ಹೊತ್ತಿನ ಬಾಡಿಗೆಗಳೆಲ್ಲ ವಿದ್ಯುತ್ ಕಂಬದ ಬಳಿಯ ಸಗ್ಬೊಗೆ ಹೋಗುತ್ತವೆ. ಹತ್ತಿಸಿಕೊಂಡು ಹೋಗುವಾಗ ಸಗ್ಬೊ ಮರದ ಕಡೆಗೆ ಒಂದು ಕೈ ಎತ್ತುತ್ತಾನೆ. ಮೇಮುನಾ ಇನ್ನೂ ಬಂದಿಲ್ಲ. ಸಾಲ ಹಾಗೆಯೇ ಇದೆ.