ಉಣಿಸಿದವಳೇ ಕಳಿಸಬೇಕು

ಒಂದಾನೊಂದು ಕಾಲದಲ್ಲಿ, ಕಡಲಿಗೂ ನೆಲಕ್ಕೂ ನಡುವೆ ಬರೀ ಒಂದು ಹೊಸ್ತಿಲಿದ್ದ ಕಾಲದಲ್ಲಿ, ಕಡಲೊಡೆಯನ ಕಿರಿಮಗ ದಾರಿ ತಪ್ಪಿ ದಡದ ಜನರ ಮನೆಗೆ ಬಂದನಂತೆ. ಬಂದವನು ಮೈಮೇಲಿನ ಕಪ್ಪು ಬಿಳಿ ತೊಗಲನ್ನು ಕಳಚಿ ಗೂಟಕ್ಕೆ ತೂಗುಹಾಕಿದ. ಬೆನ್ನಿನ ಖಡ್ಗವನ್ನು ಬಾಗಿಲ ಬಳಿ ಒರಗಿಸಿದ. ಮೀನಿನ ತೊಗಲು ಬೇಯಿಸಿ, ಸೀಲ್ ಕೊಬ್ಬೂ ಕಾಡುಹಣ್ಣೂ ಕಲಸಿ ಮಾಡಿದ ಮೊಸ್ಸನ್ನು ಅವನಿಗೆ ಬಡಿಸಿದರು. ಉಂಡವನು ಕಥೆ ಹೇಳಿದ. ಎಷ್ಟು ಚೆಂದದ ಕಥೆ ಹೇಳಿದನೆಂದರೆ, ದಡದ ಜನ ಅವನ ತೊಗಲನ್ನು ಬಚ್ಚಿಟ್ಟರು. ಇನ್ನೊಂದು ದಿನ ಇರಲಿ ಎಂದರು. ಮಕ್ಕಳು ನೋಡಲಿ ಎಂದರು. ಮೊದಲ ದಿನ, ಮೀನಿಗೆ ಹೋಗಿದ್ದ ಊರಿನ ಒಂದು ದೋಣಿ ಕಡಲಿನಿಂದ ತಾನಾಗಿಯೇ ತೇಲಿ ಬಂತು. ಬುತ್ತಿ ಬಿಚ್ಚಿಟ್ಟಿತ್ತು, ಹುಟ್ಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಮನುಷ್ಯರಿರಲಿಲ್ಲ. ಮರುದಿನ ಎರಡು ದೋಣಿ.

"ಆಮೇಲೆ?" ಎಂದು ಪುಟ್ಟ ತಾಸ್ಯಾ ಕಂಬಳಿಯೊಳಗಿಂದ ಕೇಳುತ್ತಿದ್ದಳು.

"ಆಮೇಲೇನು? ಆ ಊರಲ್ಲಿ 'ಆಮೇಲೆ' ಅಂತ ಕೇಳೋರೇ ಉಳೀಲಿಲ್ಲ," ಎನ್ನುತ್ತಿದ್ದಳು ಅಜ್ಜಿ ಪೆಲಗೇಯಾ.

ಆ ತಾಸ್ಯಾಗೆ ಈಗ ಇಪ್ಪತ್ನಾಲ್ಕು ವರ್ಷ. ದೂರದ ಉತ್ತರದ ಚಳಿಗಡಲ ದಡದಲ್ಲಿ ಬಾಳುವ ನಿವ್ಖ್ ಜನರ ಒಂದು ಪುಟ್ಟ ಊರಿನ ಕೊಲ್ಲಿಯಲ್ಲಿ, ಹೊರಗಿನವರು ಹಲಗೆ ತೇಲಿಬಿಟ್ಟು ಕೆಳಗೆ ಬಲೆ ಇಳಿಸಿ ಕಟ್ಟಿದ ತೊಟ್ಟಿಗಳಲ್ಲಿ, ಹಿಡಿದು ತಂದ ತಿಮಿಂಗಿಲಗಳಿಗೆ ಮೀನು ಹಾಕುವುದು ಅವಳ ಕೆಲಸ. ಬಿಳಿಯವು ಹನ್ನೊಂದಿದ್ದವು. ಅವನ್ನು ಒಂದೊಂದಾಗಿ ದೂರದ ಅಕ್ವೇರಿಯಂಗಳಿಗೆ ಸಾಗಿಸಿಯೂ ಆಗಿತ್ತು. ಕೊನೆಯ ತೊಟ್ಟಿಯಲ್ಲಿ ಉಳಿದಿದ್ದುದು ಒಂದೇ. ಆಗಸ್ಟಿನಲ್ಲಿ ತಾಯಿಯಿಂದ ಬೇರ್ಪಡಿಸಿ ತಂದ, ಓರ್ಕಾ ಎಂಬ ಕಪ್ಪು ಬಿಳಿ ಬೇಟೆ ತಿಮಿಂಗಿಲದ ಮರಿ. ಊರಿನ ಹಿರಿಯರು ಆ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ. ಕಡಲೊಡೆಯ ಎನ್ನುತ್ತಾರೆ.

ಬಂದ ಹೊಸತರಲ್ಲಿ ಅದು ಎಂಟು ದಿನ ಏನನ್ನೂ ಮುಟ್ಟಲಿಲ್ಲ. ಹೆರಿಂಗ್ ಮೀನು ಎಸೆದರೆ ಕಲ್ಲು ಬಿದ್ದಂತೆ ನೋಡುತ್ತಿತ್ತು. ಸೀಲ್ ಬೇಟೆಯಾಡುವ ಕುಲದ ಕೂಸು. ಮೀನೂ ಆಹಾರವೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂಬತ್ತನೆಯ ದಿನ ಅದು ಬಲೆಯ ಮೂಲೆಯಲ್ಲಿ ಮೂಗು ಊರಿ ನಿಂತುಬಿಟ್ಟಿತು. ತಾಸ್ಯಾ ಬಕೆಟ್ ಕೆಳಗಿಟ್ಟಳು. ಮಧ್ಯಾಹ್ನದ ಬುತ್ತಿಯಲ್ಲಿ ಅಜ್ಜಿ ಕಟ್ಟಿಕೊಟ್ಟ ಮೊಸ್ ಇತ್ತು. ಒಂದು ಹಿಡಿ ತೆಗೆದು, ಮನೆಗೆ ಬಂದವರಿಗೆ ಹೇಳುವ ಹಾಗೆ, ಯೋಚಿಸದೆ, "ನಮ್ಮನೆ ಊಟ, ಬೇಡ ಅನ್ಬಾರ್ದು," ಎಂದು ಕೈ ಚಾಚಿದಳು. ಮರಿ ಸೀಲ್ ಕೊಬ್ಬಿನ ವಾಸನೆಗೆ ತಿರುಗಿತು. ಬಂತು. ಅವಳ ಅಂಗೈಯಿಂದ ತಿಂದಿತು.

ಅಂದಿನಿಂದ ಅವಳು ಬಕೆಟ್ಟಿಗೆ ಮೂರು ಸಲ ಬಡಿದರೆ ಸಾಕು, ಮರಿ ಹಾಜರು. ಕೊಬ್ಬು ಸವರಿದ ಹೆರಿಂಗ್ ತಿಂದಿತು. ಆಮೇಲೆ ಬರೀ ಹೆರಿಂಗ್ ಕೂಡ. ಮ್ಯಾನೇಜರ್ ವದಿಮ್ ಅರ್ಕಾದ್ಯೆವಿಚ್‌ಗೆ ಹಿಗ್ಗೋ ಹಿಗ್ಗು. "ನಿನ್ನ ಕೈಗುಣ ದೊಡ್ಡದಮ್ಮಾ! ತಿನ್ನದ ಪ್ರಾಣೀನ ಯಾವ ಅಕ್ವೇರಿಯಂನೋರು ತಗೋತಾರೆ? ಈಗ ನೋಡು, ಗಾಜಿನ ಕೊಳ, ಬೆಚ್ಚಗಿನ ನೀರು, ದಿನಾ ಡಾಕ್ಟರು. ನಮಗಿಂತ ಚೆನ್ನಾಗಿ ಬಾಳತ್ತೆ!"

ಆ ಸಂಜೆ ಅಂಗಳದಲ್ಲಿ ಮೀನು ಸೀಳುತ್ತಿದ್ದ ಅಜ್ಜಿಗೆ ತಾಸ್ಯಾ ಹೆಮ್ಮೆಯಿಂದಲೇ ಎಲ್ಲ ಹೇಳಿದಳು. ಅಜ್ಜಿಯ ಕತ್ತಿ ನಿಂತಿತು.

"ಮೊಸ್ ಕೊಟ್ಯಾ? ನಿನ್ನ ಕೈಯಾರೆ?"

"ಹೂಂ ಅಜ್ಜಿ. ಸಾಯ್ತಿತ್ತು ಅದು."

"ನಮ್ಮನೆ ಊಟ ಅಂತ ಬೇರೆ ಅಂದ್ಯಾ?" ಅಜ್ಜಿ ಮುಖ ಒರೆಸಿಕೊಂಡಳು. "ಅಯ್ಯೋ ನನ್ನ ಪೆದ್ದೇ. ಕೈದಿಯಾಗಿದ್ದೋನ್ನ ನೆಂಟ ಮಾಡ್ಕೊಂಡು ಬಂದ್ಯಲ್ಲೇ. ಹಿಡಿದೋರು ಅವರು, ಋಣ ನಿಂದು. ಇನ್ನು ಅದರಮ್ಮ ಯಾರ ಮನೆ ಬಾಗಿಲಿಗೆ ಬರ್ತಾಳೆ, ಹೇಳು? ಉಣಿಸಿದೋಳೇ ಕಳಿಸ್ಬೇಕು."

ತಾಸ್ಯಾಗೆ ಅಜ್ಜಿ ಸಾಕಿದ ಕರಡಿ ನೆನಪಾಯಿತು. ಅಜ್ಜಿ ಚಿಕ್ಕವಳಿದ್ದಾಗ ಕರಡಿ ಮರಿಯೊಂದನ್ನು ದಿಮ್ಮಿಯ ಗೂಡಿನಲ್ಲಿಟ್ಟು ಮೂರು ಚಳಿಗಾಲ ಅದಕ್ಕೆ ಉಣಿಸಿದವಳು. ಮೂರನೆಯ ವರ್ಷ ಊರೆಲ್ಲ ಸೇರಿ, ಅದಕ್ಕೆ ಸಿಂಗಾರ ಮಾಡಿ, ದಾರಿಗೆ ಬುತ್ತಿ ಕಟ್ಟಿ, ಕಾಡಿನಲ್ಲಿರುವ ಅದರ ಜನರ ಬಳಿಗೆ ಕಳಿಸಿಕೊಟ್ಟರು. ಕಳಿಸಿದ್ದು ಹೇಗೆಂದು ತಾಸ್ಯಾಗೆ ಗೊತ್ತಿತ್ತು. ಬಾಣದಿಂದ.

"ಅಜ್ಜಿ... ಕಳಿಸೋದು ಅಂದ್ರೆ..." ತಾಸ್ಯಾ ಕೇಳಿದಳು. "ಕರಡಿ ಹಾಗಾ?"

ಅಜ್ಜಿ ಕತ್ತಿ ಕೆಳಗಿಟ್ಟಳು. "ಆವತ್ತು ನಾನು ಮೂರು ದಿನ ಅನ್ನ ಮುಟ್ಟಲಿಲ್ಲ ಕಣೇ. ಅದರ ಮನೆಗೆ ಬೇರೆ ದಾರಿ ಇಲ್ಲ ಅಂತ ಹಿರಿಯರು ಅಂದ್ರು, ನಂಬಿದೆ. ನಂಬದೆ ಬದುಕೋದು ಹೇಗೆ? ಆದ್ರೆ ಇದರ ಮನೆಗೆ ದಾರಿ ಇದೆಯಲ್ಲ. ಒಂದು ಬಲೆಯಷ್ಟು ದೂರ. ಮಂಜುಗಡ್ಡೆ ಕಟ್ಟೋದ್ರೊಳಗೆ ಕಳಿಸ್ತೀನಿ ಅಂತ ಮಾತು ಕೊಡು."

"ಕೆಲಸ ಹೋಗತ್ತೆ, ಅಜ್ಜಿ. ಪೊಲೀಸರಿಗೆ ಹಿಡಿದುಕೊಡ್ತಾರೆ."

"ನಿಮ್ಮಣ್ಣ ಬಲೆ ಹೆಣಿಯೋಕೆ ದಿನಾ ಆ ನೀರಿಗೆ ಇಳೀತಾನೆ," ಎಂದಳು ಅಜ್ಜಿ. ಅಷ್ಟೇ ಹೇಳಿದಳು.

ತಾಸ್ಯಾ ಮಾತು ಕೊಟ್ಟಳು.

ಕೊಟ್ಟ ಮಾತು ಎದೆಯ ಮೇಲೆ ಕೂತಿತು. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಪ್ರತಿ ಬೆಳಗ್ಗೆ ಅವಳು ಇವತ್ತು ಎಂದುಕೊಳ್ಳುವಳು; ಮೀನು ಹಾಕಿ ಮನೆಗೆ ಮರಳುವಳು. ಮರಿಯ ಬೆನ್ನ ಮೇಲಿನ ರೆಕ್ಕೆ ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ವಾಲತೊಡಗಿತ್ತು. ಅದು ಸುತ್ತುತ್ತಲೇ ಇರುತ್ತಿತ್ತು, ಒಂದೇ ದಿಕ್ಕಿಗೆ, ಗಾಣದ ಎತ್ತಿನ ಹಾಗೆ.

ಅಣ್ಣ ಗೆರಾಸಿಮ್‌ನ ಕೆಲಸ ನೀರಿಗಿಳಿದು ಬಲೆ ನೋಡುವುದು, ಹರಿದಲ್ಲಿ ಹೆಣೆಯುವುದು. ನವೆಂಬರಿನ ಮೊದಲ ವಾರ ಒಂದು ದಿನ ಅವನು ಅರ್ಧ ಕೆಲಸಕ್ಕೇ ಮೇಲೆ ಬಂದ. ಹಲಗೆ ಹತ್ತಿದವನು ಮುಖದ ಗಾಜು ತೆಗೆಯಲಿಲ್ಲ. ತಾಸ್ಯಾ ಕೈ ಹಿಡಿದು ಕೂರಿಸಿದಳು.

"ಏನಾಯ್ತಣ್ಣ?"

"ಬಲೆ ಆಚೆ ಒಂದು ನಿಂತಿತ್ತು. ದೊಡ್ಡದು." ಅವನು ನಗಲು ನೋಡಿದ. "ಮುಂದೆ ಹೋಗ್ಲಿಲ್ಲ, ಹಿಂದೆ ಹೋಗ್ಲಿಲ್ಲ. ನಾನು ಹೆಣಿಗೆ ಹಾಕ್ತಾ ಇದ್ರೆ ನನ್ನ ಕೈನೇ ನೋಡ್ತಿತ್ತು. ನಮ್ಮ ಮೇಷ್ಟ್ರು ನಾವು ಬರೆಯೋದನ್ನ ನೋಡ್ತಿದ್ರಲ್ಲ, ಹಾಗೆ."

"ಅದರಮ್ಮ."

"ಶುರುವಾಯ್ತಾ ಅಜ್ಜಿ ಪುರಾಣ?"

ಅವಳು ಆಗ ಅವನಿಗೆ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಗೆರಾಸಿಮ್‌ನ ಮುಖಕ್ಕೆ ಬಣ್ಣ ಮರಳಿತು, ಸಿಟ್ಟಿನ ಬಣ್ಣ.

"ಲೇ, ತಲೆ ಕೆಟ್ಟಿದ್ಯಾ? ಈ ಊರಲ್ಲಿ ಇದು ಬಿಟ್ರೆ ಬೇರೆ ಏನು ಕೆಲಸ ಇದೆ? ಅದೂ ಅಲ್ದೆ, ಅಜ್ಜಿ ಕರಡೀನ ಗೂಡಲ್ಲಿ ಕೂಡಿ ಹಾಕಿರ್ಲಿಲ್ವಾ? ಅವಳು ಮಾಡಿದ್ರೆ ಪೂಜೆ, ವದಿಮ್ ಮಾಡಿದ್ರೆ ಪಾಪಾನಾ?"

"ಅಜ್ಜಿ ಅದಕ್ಕೇ ಹೇಳ್ತಿರೋದು," ಎಂದಳು ತಾಸ್ಯಾ. "ಮಾಡಿದೋಳು ಹೇಳ್ತಿರೋದು."

"ನಾನು ಸಹಾಯ ಮಾಡಲ್ಲ. ನೋಡು, ಈಗ್ಲೇ ಹೇಳಿಬಿಟ್ಟೆ." ಅವನು ಎದ್ದ. ಆದರೆ ಆ ದಿನ ಮತ್ತೆ ನೀರಿಗಿಳಿಯಲಿಲ್ಲ.

ಮುಂದಿನ ಬುಧವಾರ ಬೆಳಗ್ಗೆ ದಡದ ಅಂಚಿನಲ್ಲಿ ಎಳೆಯ ಮಂಜುಗಡ್ಡೆ ಕಟ್ಟಿತ್ತು. ವದಿಮ್ ಎಲ್ಲರನ್ನೂ ಕರೆದು ಹೇಳಿದ: "ನಾಳೆ ಲಾರಿ ಬರತ್ತೆ. ಗೆರಾಸಿಮ್, ಊಟ ಆದ್ಮೇಲೆ ಇಳಿದು ತಳದ ಬಲೆ ಬಿಗಿ ಮಾಡು. ಎತ್ತುವಾಗ ಜಾರಬಾರ್ದು. ತಾಸ್ಯಾ, ನಾಳೆ ನೀನು ಪಕ್ಕದಲ್ಲೇ ಇರ್ಬೇಕು, ನಿನ್ನ ದನಿ ಕೇಳಿದ್ರೆ ಅದು ಗಲಾಟೆ ಮಾಡಲ್ಲ."

ಊಟದ ಹೊತ್ತಿಗೆ ಮಂಜು ಇಳಿಯಿತು. ಗಂಡಸರೆಲ್ಲ ದಡದ ಗುಡಿಸಲಿಗೆ ಹೋದರು. ಒಲೆಯ ಹೊಗೆಯ ವಾಸನೆ ಮಾತ್ರ ಬರುತ್ತಿತ್ತು, ಗುಡಿಸಲು ಕಾಣುತ್ತಿರಲಿಲ್ಲ. ತಾಸ್ಯಾ ಕೊನೆಯ ತೊಟ್ಟಿಯ ಹಲಗೆಯ ಮೇಲೆ ಬಕೆಟ್ ಹಿಡಿದು ನಿಂತಳು. ಮಂಜಿನೊಳಗೆಲ್ಲೋ, ಬಲೆಯಾಚೆ, ದೊಡ್ಡದೊಂದು ಉಸಿರು ಬಿಟ್ಟ ಸದ್ದು ಬಂತು. ಒಂದು ಗಂಟೆ ಕಳೆದರೆ ಅಣ್ಣ ಅದರ ಎದುರಿಗೆ ಇಳಿಯುತ್ತಾನೆ.

ಅವಳು ಮಂಡಿಯೂರಿದಳು. ಕಡಲ ಕಡೆಯ ಬಲೆಯನ್ನು ಹಲಗೆಗೆ ಬಿಗಿದ ಗಂಟುಗಳು ಇಪ್ಪತ್ತಕ್ಕೂ ಹೆಚ್ಚಿದ್ದವು, ಎಲ್ಲವೂ ಹೆಪ್ಪುಗಟ್ಟಿ ಕಬ್ಬಿಣವಾಗಿದ್ದವು. ಬೆರಳಿಗೆ ಬಗ್ಗಲಿಲ್ಲ. ಮೀನು ಸೀಳುವ ಕತ್ತಿ ತೆಗೆದಳು. ಒಂದು ಗಂಟು ಕುಯ್ದರೆ ಊರಿಗೆಲ್ಲ ಕೇಳಿಸಿತೇನೋ ಎನ್ನಿಸುತ್ತಿತ್ತು. ಹತ್ತಾದವು. ಹದಿನೈದಾದವು. ಅಂಗೈ ಸೀಳಿ ರಕ್ತ ಬಂತು, ನೋವು ಗೊತ್ತಾಗಲಿಲ್ಲ. ಕೊನೆಯ ಗಂಟು ಬಿಟ್ಟಾಗ ಬಲೆ ತನ್ನ ಭಾರಕ್ಕೇ ಸರಸರನೆ ಕೆಳಗೆ ಕುಸಿಯಿತು. ಹಲಗೆಯ ಕೆಳಗೆ ಬರೀ ನೀರು, ಕಡಲಿನವರೆಗೂ.

ಮರಿ ಸುತ್ತಿತು. ಬಲೆಯಿದ್ದ ಜಾಗಕ್ಕೆ ಬಂದು, ಇಲ್ಲದ ಬಲೆಗೆ ಹೆದರಿ, ತಿರುಗಿ, ಮತ್ತೆ ಅದೇ ಸುತ್ತು ಸುತ್ತಿತು.

"ಹೋಗೋ," ಎಂದಳು ತಾಸ್ಯಾ. "ಹೋಗೋ ಮಾರಾಯ, ದಮ್ಮಯ್ಯ!"

ಅದು ಬಂದು ಅವಳ ಮುಂದೆ ಬಾಯಿ ತೆರೆಯಿತು.

ಆಗ ಅವಳಿಗೆ ಅರ್ಥವಾಯಿತು. ಇದನ್ನು ಹಿಡಿದಿಟ್ಟಿದ್ದು ಬಲೆಯಲ್ಲ. ಹೊರಗಿನಿಂದ ಕರೆಯಬೇಕು. ಹೊರಗೆ ಆ ದೊಡ್ಡದು ಇತ್ತು.

ಮೀನಿನ ಬಕೆಟ್ ಹಿಡಿದು, ಹಲಗೆಗೆ ಕಟ್ಟಿದ್ದ ಪುಟ್ಟ ದೋಣಿಗೆ ಇಳಿದಳು. ಹುಟ್ಟು ಹಾಕಿದಳು. ಹತ್ತು ಮಾರು ದೂರ ಹೋದಳು. ತೊಟ್ಟಿ ಮಸುಕಾಯಿತು. ಅಜ್ಜಿಯ ಕಥೆಯ, ಬುತ್ತಿ ಬಿಚ್ಚಿಟ್ಟ ಬರಿದೋಣಿ ಕಣ್ಣ ಮುಂದೆ ಬಂತು. ಬಕೆಟ್ಟಿಗೆ ಬಡಿದಳು. ಒಂದು. ಎರಡು. ಮೂರು.

ಎಡಕ್ಕೆ ನೀರು ಸದ್ದಿಲ್ಲದೆ ಉಬ್ಬಿತು. ಖಡ್ಗವೇಳುವಂತೆ ಒಂದು ಕಪ್ಪು ರೆಕ್ಕೆ ಎದ್ದಿತು, ಎದ್ದಿತು, ಅವಳ ತಲೆಯ ಮಟ್ಟಕ್ಕೆ ಬಂದು ನಿಂತಿತು. ಬಿಟ್ಟ ಉಸಿರು ಅವಳ ಮುಖಕ್ಕೆ ಹೊಡೆಯಿತು. ಬೆಚ್ಚಗಿತ್ತು, ಸೀಲ್ ಕೊಬ್ಬಿನ ವಾಸನೆಯಿತ್ತು. ಒಂದು ಸಣ್ಣ ಕಣ್ಣು ಅವಳನ್ನೇ ನೋಡಿತು.

"ತಾಸ್ಯಾ!" ಹಲಗೆಯ ಮೇಲೆ ಹೆಜ್ಜೆಗಳು ಓಡಿ ಬಂದವು. ಗೆರಾಸಿಮ್. ಇಳಿಯಲು ತಯಾರಾಗಲು ಅವನು ಬೇಗ ಬಂದಿದ್ದ. ಕುಯ್ದ ಹಗ್ಗ ನೋಡಿದ, ದೋಣಿ ನೋಡಿದ, ರೆಕ್ಕೆ ನೋಡಿದ. "ಲೇ... ಕೂತ್ಕೋ. ನಿಂತ್ಕೋಬೇಡ. ಅಲ್ಲಾಡಬೇಡ, ನನ್ನಮ್ಮಾ."

ಗುಡಿಸಲ ಕಡೆಯಿಂದ ವದಿಮ್‌ನ ದನಿ: "ಏನಯ್ಯಾ ಅದು ಸದ್ದು?"

ಗೆರಾಸಿಮ್ ಗುಡಿಸಲ ಕಡೆ ತಿರುಗಿದ. "ಏನಿಲ್ಲ! ಬಕೆಟ್ ಬಿತ್ತು! ನೀವು ಚಹಾ ಕುಡೀರಿ!" ಅವನ ದನಿ ಹುಡುಗಿಯ ದನಿಯಂತೆ ಸೀಳಿತ್ತು.

ಹಲಗೆಯ ಕೆಳಗಿನಿಂದ ಮರಿ ಹೊರಗೆ ಬಂತು. ನೇರ ದೋಣಿಯ ಬಲಕ್ಕೆ ಬಂದು, ಅವಳ ಕೈಯಳತೆಯಲ್ಲಿ ತಲೆಯೆತ್ತಿ ಬಾಯಿ ತೆರೆಯಿತು. ಎಡಕ್ಕೆ ತಾಯಿ, ಬಲಕ್ಕೆ ಕೂಸು, ನಡುವೆ ಅವಳೂ ಒಂದು ಬಕೆಟ್ ಮೀನೂ. ಕೈ ತನ್ನಷ್ಟಕ್ಕೇ ಮೀನಿನ ಕಡೆ ಹೋಯಿತು. ಒಂದೇ ಒಂದು, ದಾರಿಗೆ, ಎಂದಿತು ಮನಸ್ಸು. ಆದರೆ ಒಂದು ಕೊಟ್ಟರೆ ಇದು ದೋಣಿ ಕಂಡಲ್ಲೆಲ್ಲ ಬಾಯಿ ತೆರೆಯುತ್ತದೆ. ಎಲ್ಲ ದೋಣಿಗಳಲ್ಲೂ ತಾಸ್ಯಾ ಇರುವುದಿಲ್ಲ.

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಳು.

ಮರಿ ಕಾಯಿತು. ಕಿರ್ರೆಂದು ಕೂಗಿತು, ಹಸಿದಾಗ ಕೂಗುವ ಕೂಗು. ತಾಸ್ಯಾ ಕಣ್ಣು ಮುಚ್ಚಲಿಲ್ಲ; ಮುಚ್ಚಿದರೆ ಕೈ ಬಿಡಿಸಿಕೊಳ್ಳುತ್ತದೆಂಬ ಭಯ. ಅದು ಮತ್ತೊಮ್ಮೆ ಕೂಗಿತು. ಆಗ ದೋಣಿಯ ಅಡಿಯಿಂದ, ಅವಳ ಕಾಲಿನ ಕೆಳಗಿನ ಹಲಗೆಯೇ ನಡುಗುವಂತೆ, ಇನ್ನೊಂದು ಕೂಗು ಬಂತು. ಮರಿ ಬಾಯಿ ಮುಚ್ಚಿತು. ತಲೆ ತಿರುಗಿಸಿತು.

ದೊಡ್ಡ ರೆಕ್ಕೆ ದೋಣಿಯನ್ನು ಬಳಸಿ ಬಲಕ್ಕೆ ಹೋಯಿತು, ವಾಲಿದ ಸಣ್ಣ ರೆಕ್ಕೆಯ ಪಕ್ಕಕ್ಕೆ. ಅಲೆಯೊಂದು ದೋಣಿಯನ್ನು ಎತ್ತಿ ಇಳಿಸಿತು. ಎರಡೂ ಕೊಲ್ಲಿಯ ಬಾಯಿಯ ಕಡೆ ಹೊರಟವು, ಸುತ್ತದೆ, ನೆಟ್ಟಗೆ.

ತಾಸ್ಯಾ ಉಸಿರುಗಳನ್ನು ಆಲಿಸುತ್ತ ಕೂತಳು. ದೊಡ್ಡದೊಂದು, ಸಣ್ಣದೊಂದು. ದೂರದಲ್ಲಿ ದೊಡ್ಡದೊಂದು, ಸಣ್ಣದೊಂದು. ಗುಡಿಸಲ ಬಾಗಿಲು ತೆರೆದ ಸದ್ದೂ ಕೇಳಿಸಿತು, ವದಿಮ್ ಯಾರನ್ನೋ ಬೈಯುತ್ತ ಹಲಗೆ ಹತ್ತಿದ್ದೂ ಕೇಳಿಸಿತು. ಅವಳು ತಿರುಗಲಿಲ್ಲ. ಸಣ್ಣ ಉಸಿರು ಪೂರ್ತಿ ಕೇಳಿಸದಾಗುವವರೆಗೂ ಕಾದು, ಆಮೇಲೆ ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದಳು.