ಹುಣಸೆಹಣ್ಣಿನಲ್ಲಿ ಮಿಂದ ಬೀಗ

ನಾನು ಒಂದು ಬೀಗ. ಹಿತ್ತಾಳೆಯ ಬೀಗ, ಅಂಗೈ ಅಗಲ, ಎತ್ತಿದರೆ ಒಂದು ತೆಂಗಿನಕಾಯಿಯಷ್ಟು ಭಾರ. ಯಾರನ್ನೂ ನಂಬದಿರುವುದು ನನ್ನ ಕಸುಬು. ನಂಬುವ ಬೀಗ ಇದ್ದರೆಷ್ಟು, ಬಿಟ್ಟರೆಷ್ಟು, ನೀವೇ ಹೇಳಿ. ಆದ್ದರಿಂದ ನನ್ನ ಮಾತಿನಲ್ಲಿ ಸಂಶಯ ಹೆಚ್ಚಾಗಿ ಕಂಡರೆ ಬೇಸರಪಡಬೇಡಿ. ಇಷ್ಟು ಗಮನವಿಟ್ಟು ನನ್ನ ಕಥೆ ಕೇಳುವುದರಲ್ಲಿ ನಿಮಗೇನು ಲಾಭ ಎಂಬುದೂ ನನಗಿನ್ನೂ ತಿಳಿದಿಲ್ಲ.

ಗದಗಿನ ಮೋನಪ್ಪ ಕಂಚುಗಾರ ನನ್ನನ್ನು ಎರಕ ಹೊಯ್ದು, ಅರದಿಂದ ಉಜ್ಜಿ, ಹೊಟ್ಟೆಯೊಳಗೆ ಕೀಲಿಗೆ ಮಾತ್ರ ಮಣಿಯುವ ಸನ್ನೆಗಳನ್ನು ಕೂಡಿಸಿದ. ಕೆಲಸ ಮುಗಿದ ಮೇಲೆ ತಂತಿ, ಮೊಳೆ, ಹೆಂಡತಿಯ ತಲೆಪಿನ್ನು ಎಲ್ಲ ತಂದು ನನ್ನನ್ನು ಕಳ್ಳತನದಿಂದ ತೆರೆಯಲು ನೋಡಿದ. ಹುಟ್ಟಿಸಿದವನೇ ನನ್ನ ಮೊದಲ ಕಳ್ಳ. ನಾನು ಬಾಯಿ ಬಿಡಲಿಲ್ಲ. ಅವನು ನಕ್ಕು, ಇನ್ನು ನಿನ್ನನ್ನು ಮಾರಲು ಅಡ್ಡಿಯಿಲ್ಲ ಎಂದ.

ನನ್ನನ್ನು ಕೊಂಡವರು ಅರಿವೆ ಅಂಗಡಿಯ ಗುರುಶಾಂತಪ್ಪನವರು. ಬಾಗಿಲಿನ ಚಿಲಕಕ್ಕೆ ತೂಗಿಕೊಂಡು ನಾನು ಅವರನ್ನು ಕೆಳಗಿನಿಂದಲೇ ನೋಡಿದವನು: ಮೊದಲು ಹೊಟ್ಟೆ, ಅದರ ಮೇಲೆ ಮೀಸೆ. ಬೆಳಿಗ್ಗೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತೆರೆಯುತ್ತಿದ್ದರು. ಸಂಜೆ ಹಾಕಿ, ಜಗ್ಗಿ ನೋಡಿ, ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದರು. ನನಗೆ ಸಿಟ್ಟೇನೂ ಬರುತ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಅವರು ತೀರಿಹೋದ ಮೇಲೆ ಮಕ್ಕಳು ಬಾಗಿಲು ಕಿತ್ತು ಶಟರ್ ಹಾಕಿಸಿದರು. ನಾನು ತುಕ್ಕು ಮೊಳೆಗಳ ಡಬ್ಬಿ ಸೇರಿ, ಅಡುಗೆಮನೆಯ ಹೊಗೆ ಕುಡಿಯುತ್ತ ಕಪ್ಪಾದೆ. ಕೊನೆಗೊಂದು ದಿನ ಡಬ್ಬಿಯ ಸಮೇತ ಗುಜರಿಯವನ ತಕ್ಕಡಿ ಹತ್ತಿದೆ.

ಅಲ್ಲಿ ನನ್ನನ್ನು ಹೆಕ್ಕಿದವಳು ನೀಲಾಂಬಿಕಾ. ಬಸ್ ಕಂಡಕ್ಟರ್ ಈರಯ್ಯನ ಹೆಂಡತಿ. ನನ್ನನ್ನು ತಿರುಗಿಸಿ ನೋಡಿ, ಬೆಲೆ ಕೇಳುವಾಗ ಮಾತ್ರ ಮುಖ ಸಪ್ಪೆ ಮಾಡಿಕೊಂಡಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಆಗಲೇ ಎಚ್ಚರಗೊಂಡೆ. ಹೀಗೆ ಸಪ್ಪೆ ಮುಖದಿಂದ ಕೊಳ್ಳುವವರು ಬೇರೆಲ್ಲೋ ನಗುಮುಖದಿಂದ ಮಾರುತ್ತಾರೆ.

ನನ್ನ ಅನುಮಾನ ನಿಜವಾಯಿತು. ಅವಳ ಅಂಗಡಿ ಫೋನಿನೊಳಗಿತ್ತು. ಆನ್‌ಲೈನ್ ಸಂತೆಯಲ್ಲಿ ತನ್ನ ಹೆಸರಿನಲ್ಲೇ ಒಂದು ಮಳಿಗೆ ತೆರೆದಿದ್ದಳು: ನೀಲಾಂಬಿಕಾ ಹಳೇ ಸಾಮಾನು. ಗುಜರಿಯಲ್ಲಿ ತೂಕಕ್ಕೆ ಕೊಂಡದ್ದನ್ನು ಅಲ್ಲಿ ವಯಸ್ಸಿಗೆ ಮಾರುವುದು, ಇಷ್ಟೇ ಅವಳ ಲಾಭದ ಮರ್ಮ. ಸಾಮಾನನ್ನು ತೊಳೆಯುತ್ತಿರಲಿಲ್ಲ. ಕರಿ ಕಂಬಳಿಯ ಮೇಲಿಟ್ಟು, ಕಿಟಕಿಯ ಎಳೆಬಿಸಿಲಿನಲ್ಲಿ ಫೋಟೊ ತೆಗೆಯುತ್ತಿದ್ದಳು. ಗೀರಿದ್ದರೆ ಗೀರಿನದೂ ಒಂದು ಫೋಟೊ. ಕುಂದು ತೋರಿಸಿ ಮಾರಿದ ಸಾಮಾನು ವಾಪಸ್ ಬರುವುದಿಲ್ಲ ಎಂದು ಗಂಡನಿಗೆ ಹೇಳುತ್ತಿದ್ದಳು. ನನ್ನ ವಿಷಯದಲ್ಲಂತೂ ನನ್ನ ಕಪ್ಪೇ ನನ್ನ ಬೆಲೆ. ಅದು ಹೋದರೆ ನಾನು ನಿನ್ನೆ ಮೊನ್ನೆಯ ಬೀಗ.

ಪ್ಯಾಕ್ ಮಾಡುವಾಗ ಫೋನನ್ನು ಬೇಳೆ ಡಬ್ಬಿಗೆ ಒರಗಿಸಿ, ಮೊದಲಿನಿಂದ ಕೊನೆಯವರೆಗೆ ವಿಡಿಯೋ ತೆಗೆಯುವುದು ಅವಳ ಪದ್ಧತಿ. ಕೊಂಡವರು ಒಳ್ಳೆಯದನ್ನು ಇಟ್ಟುಕೊಂಡು ಒಡಕು ಸಾಮಾನು ವಾಪಸ್ ಕಳಿಸಿದ್ದುಂಟು. ಹಾಗೆ ಬಂದ ದೂರುಗಳು ಎರಡು. ಮೂರನೆಯದು ಬಂದರೆ ಮಳಿಗೆಯನ್ನು ಕಾಯಮ್ಮಾಗಿ ಮುಚ್ಚುತ್ತೇವೆಂದು ಸಂತೆಯವರು ತಿಳಿಸಿದ್ದರು. ಊರಿಗೆಲ್ಲ ಈರಯ್ಯನ ಹೆಂಡತಿಯಾಗಿದ್ದವಳಿಗೆ ತನ್ನ ಹೆಸರು ಬರೆದ ಜಾಗ ಅದೊಂದೇ. ಅದು ಹೋದರೆ ಅವಳದೆಂಬುದು ಏನೂ ಉಳಿಯುತ್ತಿರಲಿಲ್ಲ.

ಮನೆಯಲ್ಲಿ ನನಗೆ ಸರಿಸಾಟಿಯಾದವಳು ಅವಳ ಅತ್ತೆ ಗಿರಿಜವ್ವ. ಬೇರೆಯವರ ಹಿತ್ತಾಳೆ ಮಾರುವ ಸೊಸೆ ನಾಳೆ ತಾನು ತವರಿನಿಂದ ತಂದು ಅಟ್ಟದಲ್ಲಿಟ್ಟ ಹಿತ್ತಾಳೆ ಗಂಗಾಳವನ್ನೂ ಫೋನಿನೊಳಗೆ ತೂರಿಸಿಬಿಟ್ಟರೆ ಎಂದು ಅವಳಿಗೆ ಭಯ. ಅಟ್ಟದ ಕೆಳಗೆ ಹಾಯುವಾಗಲೆಲ್ಲ ಒಮ್ಮೆ ಮೇಲೆ ನೋಡುತ್ತಿದ್ದಳು. ಭೇಷ್ ಎಂದುಕೊಂಡೆ. ಈ ಮನೆಯಲ್ಲಿ ಬುದ್ಧಿವಂತರು ಇಬ್ಬರು, ಒಬ್ಬಳು ಗಿರಿಜವ್ವ, ಇನ್ನೊಬ್ಬ ನಾನು.

ಬೆಳಗಾವಿಯ ಗಲಗಲಿ ವಕೀಲರು ನನ್ನ ಫೋಟೊ ನೋಡಿ ಕೊಂಡರು. ನಿವೃತ್ತರು, ಹಳೆಯ ಬೀಗಗಳ ಹುಚ್ಚು. ಮರುದಿನ ನನ್ನನ್ನು ಕಳಿಸುವುದೆಂದು ನೀಲಾಂಬಿಕಾ ಡಬ್ಬಿ ಸಿದ್ಧಮಾಡಿ ಪೇಟೆಗೆ ಟೇಪು ತರಲು ಹೋದಳು. ಅವತ್ತು ಅಮಾವಾಸ್ಯೆಯ ಮುನ್ನಾದಿನ. ಮನೆಯ ಹಿತ್ತಾಳೆಯೆಲ್ಲ ಬಚ್ಚಲಿಗಿಳಿಯುವ ದಿನ. ಗಿರಿಜವ್ವ ದೀಪದ ಸಮೆ, ತಂಬಿಗೆಗಳ ಜೊತೆ ನನ್ನನ್ನೂ ಎತ್ತಿಕೊಂಡಳು. ಮಸಿ ಹಿಡಿದ ಸಾಮಾನು ಪರರ ಮನೆಗೆ ಹೋದರೆ ಈ ಮನೆಯ ಹೆಂಗಸರ ಬಗ್ಗೆ ಏನಂದಾರು ಎಂದು ಗೊಣಗುತ್ತ ಹುಣಸೆಹಣ್ಣು, ಬೂದಿ, ತೆಂಗಿನ ಜುಂಗು ಹಾಕಿ ತಿಕ್ಕಿದಳು. ಅಯ್ಯೋ, ಹೇಗೆ ತಿಕ್ಕಿದಳೆಂದರೆ, ನನ್ನ ಅಷ್ಟು ವರ್ಷಗಳ ಹೊಗೆ ಬಚ್ಚಲಿನ ಮೋರಿಯಲ್ಲಿ ಹರಿದುಹೋಯಿತು. ಮದುವೆಗೆ ಹೊರಟ ಮದುಮಗನ ಹಾಗೆ ಫಳಫಳ ಹೊಳೆಯುತ್ತ ಒಣಗಲು ಕೂತೆ.

ಟೇಪು ಹಿಡಿದು ಬಂದ ನೀಲಾಂಬಿಕಾ ನನ್ನನ್ನು ಕಂಡು ಟೇಪನ್ನು ಹೊಸಿಲಲ್ಲೇ ಬಿಟ್ಟು, ಎತ್ತಿ ತಿರುಗಿಸಿ ನೋಡಿದಳು. ಬೇಕಂತಲೇ ಮಾಡಿದಳೇ ಮುದುಕಿ ಎಂಬ ಪ್ರಶ್ನೆ ಅವಳ ಕಣ್ಣಲ್ಲಿತ್ತು. ನನಗೂ ಅದೇ ಅನುಮಾನ. ಗಿರಿಜವ್ವ ಮಾತ್ರ ಹೊಗಳಿಕೆಗೆ ಕಾಯುತ್ತ ನಿಂತಿದ್ದಳು. ಸೊಸೆ ಅಳು ತಡೆದುಕೊಂಡು ವಿಷಯ ಬಿಡಿಸಿ ಹೇಳಿದಾಗ ಅತ್ತೆಯ ಮುಖ ಇಷ್ಟೇ ಇಷ್ಟಾಯಿತು. ವಕೀಲರಿಗೆ ನಿಜ ಹೇಳಿಬಿಡು ಎಂದಳು. ನೀಲಾಂಬಿಕಾಗೆ ಧೈರ್ಯ ಬರಲಿಲ್ಲ. ಫೋಟೊದಲ್ಲಿ ಕಪ್ಪು ಬೀಗ, ನಾಳೆ ತೆಗೆಯುವ ವಿಡಿಯೋದಲ್ಲಿ ಹೊಳೆಯುವ ಬೀಗ. ಅವಳ ವಿಡಿಯೋವೇ ಅವಳ ವಿರುದ್ಧ ಸಾಕ್ಷಿ ಹೇಳಲಿತ್ತು.

ಹಿತ್ತಾಳೆಗೆ ಹುಳಿ ಮಜ್ಜಿಗೆ ತಾಗಿದರೆ ಕಿಲುಬು ಹಿಡಿಯುತ್ತದೆ ಎಂಬುದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ನೀಲಾಂಬಿಕಾ ಮಜ್ಜಿಗೆಗೆ ಉಪ್ಪು ಕಲಸಿ, ಅರಿವೆ ನೆನೆಸಿ, ನನಗೆ ಸುತ್ತಿ ಮೂಲೆಗಿಟ್ಟಳು. ನಿಜವಾಗಿ ಹಳೆಯವನಾದ ನನಗೆ ಹಳೆಯವನ ವೇಷ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅರಿವೆ ಬಿಚ್ಚಿದಾಗ ನನ್ನ ಮೈಮೇಲೆ ಕಪ್ಪಿಗಿಂತ ಹಸಿರೇ ಹೆಚ್ಚಿತ್ತು. ದೂರದಿಂದ ನೋಡಿದರೆ ನಡೆದೀತು ಎಂದುಕೊಂಡು, ವಿಡಿಯೋ ತೆಗೆದು ನನ್ನನ್ನು ಕಳಿಸಿದಳು.

ಗಲಗಲಿ ವಕೀಲರು ಡಬ್ಬಿ ಬಿಚ್ಚುವ ಮೊದಲು ತಮ್ಮ ಫೋನನ್ನೂ ಒರಗಿಸಿಟ್ಟು ವಿಡಿಯೋ ಶುರುಮಾಡಿದರು. ಆಹಾ, ನನ್ನ ಕುಲದವರು ಎಂದುಕೊಂಡೆ. ಭೂತಗನ್ನಡಿ ಹಿಡಿದರು. ಉಗುರಿನಿಂದ ಹಸಿರು ಕೆರೆದರು. ಆಮೇಲೆ ನನ್ನನ್ನು ಮೂಗಿನ ಹತ್ತಿರ ಒಯ್ದರು. ಮಜ್ಜಿಗೆಯ ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ.

ಫೋನು ಹಚ್ಚಿ, ಧ್ವನಿ ಎಲ್ಲರಿಗೂ ಕೇಳುವಂತೆ ಇಟ್ಟು, ನಿನ್ನೆ ಮಾಡಿದ ಬೀಗಕ್ಕೆ ಬಣ್ಣ ಕಟ್ಟಿ ಮಾರುತ್ತೀಯೇನು ಎಂದು ಪಾಟೀಸವಾಲು ಮಾಡಿದರು. ಆಚೆ ಕಡೆ ಫೋನು ನೀಲಾಂಬಿಕಾಳ ಕೈಯಿಂದ ಗಿರಿಜವ್ವನ ಕೈಗೆ ಹೋದ ಸದ್ದಾಯಿತು.

"ನೋಡ್ರಿ ಸಾಹೇಬ್ರ, ತಿಕ್ಕಿದಾಕಿ ನಾನು. ಅಮಾಸಿ ಅಂತ ಹುಣಸಿಹಣ್ಣು ಹಚ್ಚಿ ತಿಕ್ಕಿಬಿಟ್ಟೆ. ಆಕಿ ಮೊದಲಿನಂಗ ಮಾಡಾಕ ಹೋಗಿ ಮಜ್ಜಿಗಿ ಸವರಿದ್ಲು. ಅದು ತಪ್ಪರಿ, ಒಪ್ಕೋತೀನಿ. ಆದ್ರ ಬೀಗ ಖರೇನ ಹಳೇದರಿ. ನನ್ನ ಸೊಸಿ ಖೋಟಾ ಸಾಮಾನು ಮಾರೂ ಪೈಕಿ ಅಲ್ಲ."

ಗಿರಿಜವ್ವನ ಬಾಯಲ್ಲಿ ಸೊಸೆಯ ಪರವಾಗಿ ಒಂದು ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಚೆ ಕಡೆ ನೀಲಾಂಬಿಕಾ ಬಿಕ್ಕಿದ್ದು ಕೇಳಿಸಿತು. ನನ್ನ ಒಳಗಿನ ಸನ್ನೆಗಳೇ ಸಡಿಲವಾದ ಹಾಗೆನಿಸಿತು.

ವಕೀಲರು ನಕ್ಕರು. "ಅತ್ತಿ ಸೊಸಿ ಇಬ್ರೂ ಒಂದ ಮಾತು ಆಡ್ಲಿಕ್ಕೆ ಹತ್ಯಾರಂದ್ರ ಅಲ್ಲೇ ಗೊತ್ತಾಗ್ತದ, ಏನೋ ಮಸಲತ್ತು ಅದ ಅಂತ."

ಫೋನಿಟ್ಟು ದೂರು ಬರೆದರು. ಮೂರನೆಯ ದೂರು. ಸಂತೆಯವರು ಹಣ ಹಿಂದಿರುಗಿಸಿ, ಸಾಮಾನನ್ನು ವಾಪಸ್ ಕಳಿಸುವ ಅಗತ್ಯವಿಲ್ಲ ಎಂದರು. ಮಳಿಗೆ ಇನ್ನೂ ಇದೆಯೋ ಎಂದು ವಕೀಲರು ಕೆಲವು ದಿನಗಳ ನಂತರ ಫೋನಿನಲ್ಲಿ ಹುಡುಕಿದರು. ನೀಲಾಂಬಿಕಾಳ ಹೆಸರು ಎಲ್ಲೂ ಇರಲಿಲ್ಲ. ಒಳ್ಳೆಯದೇ ಆಯಿತು, ಒಬ್ಬ ಮೋಸಗಾರ್ತಿ ಕಡಿಮೆಯಾದಳು ಎಂದು ಹೆಂಡತಿಗೆ ಹೇಳಿದರು.

ಈಗ ನಾನು ಅವರ ಗಾಜಿನ ಕಪಾಟಿನ ಕೆಳಗಿನ ಸಾಲಿನಲ್ಲಿದ್ದೇನೆ. ಮೇಲಿನ ಸಾಲುಗಳಲ್ಲಿ ಅಸಲಿ ಬೀಗಗಳು. ಅವುಗಳಲ್ಲಿ ಕೆಲವು ಎಷ್ಟು ಅಸಲಿ ಎಂಬುದು ಜೊತೆಗಿರುವ ನನಗೆ ಗೊತ್ತು, ಬಿಡಿ. ನನ್ನ ಕೊರಳಿಗೆ ಮಾತ್ರ ನಕಲಿ ಎಂಬ ಚೀಟಿ. ಬಂದ ನೆಂಟರಿಗೆಲ್ಲ ವಕೀಲರು ನನ್ನನ್ನು ತೋರಿಸಿ ಮಜ್ಜಿಗೆಯ ಕಥೆ ಹೇಳುತ್ತಾರೆ. ಎಲ್ಲರೂ ನಗುತ್ತಾರೆ.

ಬದುಕಿಡೀ ಎಷ್ಟೋ ಜನರ ಆಣೆ ಪ್ರಮಾಣ ಕೇಳಿದ್ದೇನೆ, ಒಂದನ್ನೂ ನಂಬಿದವನಲ್ಲ. ಗಿರಿಜವ್ವನ ಮಾತನ್ನು ನಂಬಿದೆ. ಈ ವಕೀಲರ ಮನೆಯಲ್ಲಿ ಅವಳನ್ನು ನಂಬಿದವನು ನಾನೊಬ್ಬನೇ. ಎದ್ದು ನಿಂತು ಸಾಕ್ಷಿ ಹೇಳೋಣವೆಂದರೆ, ನಕಲಿ ಬೀಗದ ಮಾತನ್ನು ಯಾರು ನಂಬುತ್ತಾರೆ?