ಮೇಲಿನ ನೀರಿನ ಬಣ್ಣ

ಗುಂಯ್ ಅಂತ ತಿರುಗುತ್ತಿದೆ ಲ್ಯಾಬಿನ ಯಂತ್ರ, ಮುಚ್ಚಳದ ಮೇಲೆ ಅಂಗೈ ಇಟ್ಟರೆ ನಡುಕ ಮೊಣಕೈವರೆಗೆ ಏರುತ್ತದೆ, ಒಳಗೆ ಅವಳ ತಮ್ಮನ ರಕ್ತದ ನಳಿಕೆ, ಯಂತ್ರ ನಿಂತಾಗ ಕೆಂಪು ಕಣಗಳೆಲ್ಲ ತಳ ಸೇರಿ ಮೇಲಿನ ನೀರು ತಿಳಿಹಳದಿಯಾಗಿರಬೇಕು, ಇದ್ದರೆ ಕಣ ಒಡೆಯುವುದು ನಿಂತಿದೆ, ತಮ್ಮ ಉಳಿದ — ಬೆಳಿಗ್ಗೆಯ ನಳಿಕೆಯಲ್ಲಿ ಮೇಲೂ ಕೆಂಪು, ಇರಲಿ, ಆಮೇಲೆ ಹೊಸ ರಕ್ತ ಕೊಟ್ಟಿದ್ದಾರಲ್ಲ, ಈಗ ತಿಳಿಯಾಗಿರುತ್ತದೆ, ಇರಲೇಬೇಕು, ಹುಟ್ಟಿನಿಂದಲೇ ಬಡಪಾಯಿ ಕಣಗಳು ಅವನವು, ಸುಡುವುದನ್ನು ತಡೆಯುವ ಶಕ್ತಿ ಇಲ್ಲ, ಜ್ವರ ಬಂದರೂ ಸಾಕು ಪಟಪಟ ಒಡೆಯುತ್ತವೆ, ಮೂತ್ರ ಕೆಂಪಾದ್ರೆ ಒಂದು ಗಳಿಗೆ ಮನೇಲಿ ಇಟ್ಕೋಬೇಡಿ, ಚಿಕ್ಕಂದಿನಲ್ಲಿ ಡಾಕ್ಟರು ಹೇಳಿದ್ದು ಅದೊಂದೇ ಮಾತು, ಅಮ್ಮನಿಗೆ ಬಾಯಿಪಾಠ, ಇವಳಿಗೆ ಬಾಯಿಪಾಠ, ಪಾಠ ಇದ್ದು ಏನು ಬಂತು.

ಇದೇ ಮೇಜಿನ ಮೇಲೆ ತಾನೇ ಕಣ್ಣಾರೆ ಕಂಡದ್ದು, ಬೀಟ್‌ರೂಟಿನ ಬಣ್ಣದಲ್ಲಿ ನೆನೆಸಿ ತೊಳೆದ ಕಣಗಳ ಮೇಲೆ ಸುಡುವ ಪೆರಾಕ್ಸೈಡು ಹುಯ್ದರೂ ಅವು ಜಗ್ಗಲಿಲ್ಲ, ಮೇಲಿನ ನೀರು ತಿಳಿ, ಪಕ್ಕದ ನಳಿಕೆಯಲ್ಲಿ ಬೀಟ್‌ರೂಟು ಸೋಕದ ಕಣಗಳು ಒಡೆದು ನೀರೆಲ್ಲ ಕೆಂಪು, ಆ ಸಂಜೆ ಚೀಲದ ತುಂಬ ಬೀಟ್‌ರೂಟು, ಕಪ್ಪು ದ್ರಾಕ್ಷಿ ಹೊತ್ತು ಮನೆಗೆ ಓಡಿದ್ದಳು, ನಳಿಕೆಗೆ ಹೊಟ್ಟೆ ಇಲ್ಲಮ್ಮ, ತಿಂದದ್ದೆಲ್ಲ ಕಣ ಮುಟ್ಟಲ್ಲ, ಲ್ಯಾಬಿನ ದೊಡ್ಡ ಮೇಡಂ ನಗುತ್ತಲೇ ಹೇಳಿದ್ದರು, ಯಾರಿಗೆ ಬೇಕಿತ್ತು ಬುದ್ಧಿಮಾತು, ತಮ್ಮ ದಿನಾ ಆ ರಸವನ್ನು ಮೂಗು ಹಿಡಿದು ಗಟಗಟ ಕುಡಿಯುತ್ತಿದ್ದ, ಅಕ್ಕಾ, ನಿನ್ನ ಕೈಗೆ ಸಿಕ್ಕಿ ನಾನೂ ಒಂದು ನಳಿಕೆ ಆದೆ ಕಣೆ — ಹೂಂ, ಮೇಲೆ ಖಾಲಿ ಇರೋ ನಳಿಕೆ, ಮುಚ್ಕೊಂಡು ಕುಡಿ.

ಮೊದಲ ವಾರವೇ ಬಚ್ಚಲಿಂದ ಕೂಗಿದ್ದ, ಮೂತ್ರವೆಲ್ಲ ಗುಲಾಬಿ ಅಂತ, ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಅದು ಬೀಟ್‌ರೂಟೇ, ನಿಜವಾಗಿ ಬೀಟ್‌ರೂಟೇ, ಆದರೆ ಮೊನ್ನೆ ಮೈ ಬಿಸಿಯಾಗಿ ಮಲಗಿದವನು ಮೆಲ್ಲಗೆ ಹೇಳಿದ, ಅಕ್ಕಾ, ಇವತ್ತು ಕಪ್ಪು ಟೀ ಥರ ಇದೆ ಕಣೆ, ಬಂದು ನೋಡ್ತೀಯಾ, ಇವಳು ಈರುಳ್ಳಿ ಹೆಚ್ಚುತ್ತಿದ್ದಳು, ಚಾಕು ಕೆಳಗಿಡಲಿಲ್ಲ, ಬೀಟ್‌ರೂಟು ಕುಡಿದೋನು ಹಾಲು ಹುಯ್ತಾನೇನೋ ಅಂದಳು, ಅವನೂ ನಕ್ಕ, ಅಯ್ಯೋ ದೇವರೇ ನಕ್ಕುಬಿಟ್ಟ, ಮರುದಿನವೂ ಇನ್ನೊಂದು ಲೋಟ ಕೈಯಾರೆ ಕೊಟ್ಟಳು, ಇವತ್ತು ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಹಳದಿ, ತುಟಿ ಸುಣ್ಣ, ಬಣ್ಣ ಬದಲಾಗಿದ್ದು ಯಾರೂ ನೋಡ್ಲಿಲ್ವಾ ಅಂದರು ಡಾಕ್ಟರು, ಅಮ್ಮ ಇವಳ ಮುಖ ನೋಡಿದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ದಿನಾ ಊರವರ ರಕ್ತ ನೋಡೋಳು ನೀನು, ಅಷ್ಟೇ ಅಂದಳು, ಹೌದಮ್ಮ, ಊರವರದೆಲ್ಲ ನೋಡಿದೆ, ಒಬ್ಬನದು ಬಿಟ್ಟು, ಕೆಟ್ಟ ಮೇಲೆ ಬುದ್ಧಿ ಬಂತು.

ಗುಂಯ್ ಇಳಿಯುತ್ತಿದೆ, ಇಳಿಯಬೇಡ, ಇನ್ನೊಂದು ಸುತ್ತು ತಿರುಗು, ತಿರುಗುವವರೆಗೆ ಅವನು ಇದ್ದಾನೆ — ನಿಂತಿತು, ಅಷ್ಟರಲ್ಲಿ ವಾರ್ಡಿನಿಂದ ಸಿಸ್ಟರ್ ಫೋನು, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮುಚ್ಚಳ ಎತ್ತಿದಳು, ಮೇಡಂ, ಹೇಗಿದೆ, ಬಣ್ಣ ಹೇಳಿ, ಡಾಕ್ಟರು ಕಾಯ್ತಿದ್ದಾರೆ, ಅವಳು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಓರೆ ಮಾಡಿ ಹಿಡಿದಳು, ಹಿಂದೆ ಬಿಳಿ ಕಾಗದ ಇಟ್ಟು ಹಿಡಿದಳು, ಹೇಳಿ ಮೇಡಂ, ಆ ಕಡೆ ಅಮ್ಮನ ದನಿ, ಏನಂತೆ, ಏನಂತೆ ಸಿಸ್ಟರ್, ತಳದಲ್ಲಿ ಕಣ ಒಂದು ಚೂರು, ಮೇಲೆ ಕೆಂಪು, ನೀರೆಲ್ಲ ಕೆಂಪು, ಕೆಂಪು